ಡಬಲ್ ಡಿಲೈಟ್ ಗುಲಾಬಿ: ಹೊಸೂರಿನ ಸಣ್ಣ ಸೈಟಿನ ಮನೆಗೆ ಹೊಂದುತ್ತದೆಯೇ?

ಹೊಸೂರು ಗುಲಾಬಿಯ ಊರು. ಬಾಗಲೂರು ರಸ್ತೆಯಲ್ಲೋ ಕೆಲಮಂಗಲ, ಡೆಂಕಣಿಕೋಟೆಯ ಕಡೆಗೋ ಹೊರಟರೆ ಸಾಲು ಸಾಲು ಪಾಲಿಹೌಸ್ ಕಾಣುತ್ತವೆ. ಫೆಬ್ರವರಿ 14 ಹತ್ತಿರ ಬಂತೆಂದರೆ ಇಲ್ಲಿನ ಕೆಂಪು ಗುಲಾಬಿ ವಿಮಾನ ಹತ್ತುತ್ತದೆ. ಆದರೆ ಆ ಹೂ ನೋಡಿ ಆಸೆಪಟ್ಟು ಅದೇ ಗಿಡವನ್ನು ಮನೆಗೆ ತಂದವರು ಪಶ್ಚಾತ್ತಾಪ ಪಡುವುದೇ ಹೆಚ್ಚು. ತಾಜ್ ಮಹಲ್‌ನಂಥ ಕಟ್ ಫ್ಲವರ್ ತಳಿಗಳನ್ನು ಬೆಳೆಸುವುದೇ ಉದ್ದನೆಯ ಕಡ್ಡಿಗಾಗಿ. ಕುಂಡದಲ್ಲಿ ಅವು ಬುಡ ಬೋಳಾಗಿ ಮೇಲೇರುತ್ತವೆ, ಬಹುಪಾಲಿಗೆ ಪರಿಮಳ ಹೆಸರಿಗಷ್ಟೇ, ಬಯಲಿನ ಮಳೆ ಇಬ್ಬನಿ ಅವಕ್ಕೆ ಆಗಿಬರುವುದಿಲ್ಲ.

ಮೂವತ್ತು ನಲವತ್ತರ ಸೈಟಿನಲ್ಲಿ ಕಾರು ನಿಲ್ಲಿಸಿ ಮಿಕ್ಕ ಜಾಗಕ್ಕೆ, ಇಲ್ಲವೇ ತಾರಸಿಯ ಮೂಲೆಗೆ, ಗಿಡ್ಡವಾಗಿ ಪೊದೆಗಟ್ಟುವ ಹೈಬ್ರಿಡ್ ಟೀ (ಕಡ್ಡಿಗೊಂದು ದೊಡ್ಡ ಹೂ ಬಿಡುವ ಗುಲಾಬಿ ವರ್ಗ) ಬೇಕೆನ್ನುವವರಿಗೆ ಇಲ್ಲಿನ ನರ್ಸರಿಯವರು ಸಾಮಾನ್ಯವಾಗಿ ಮುಂದಿಡುವ ಹೆಸರು ಡಬಲ್ ಡಿಲೈಟ್. ಈ ವಿಮರ್ಶೆ ಅದರದ್ದು. ನರ್ಸರಿಯಲ್ಲಿ ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿ ಸಿಗುವ ಕಸಿ ಗಿಡದ್ದು.

ತೀರ್ಪು ಮೊದಲೇ ಹೇಳಿಬಿಡಬಹುದು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳುವ ಮೂರಡಿ ಜಾಗವಿದ್ದರೆ ತನ್ನಿ. ಬಿಸಿಲಿಲ್ಲದ ಮನೆಗೆ ಈ ಗಿಡ ದಂಡ, ಅದರ ಕಾರಣ ಮುಂದಿದೆ. ವಾರಕ್ಕೊಮ್ಮೆ ಎಲೆ ತಿರುವಿ ನೋಡುವ ಅಭ್ಯಾಸವಿಲ್ಲದವರೂ ಇದನ್ನು ಬಿಟ್ಟುಬಿಡುವುದು ಒಳ್ಳೆಯದು.

ಗಿಡದ ಗುಣ

ಅಮೆರಿಕದ ಸ್ವಿಮ್ ಮತ್ತು ಎಲ್ಲಿಸ್ ಎಂಬ ಇಬ್ಬರು ಗ್ರನಾಡಾ ಮತ್ತು ಗಾರ್ಡನ್ ಪಾರ್ಟಿ ಎಂಬ ತಳಿಗಳನ್ನು ಕೂಡಿಸಿ ಮಾಡಿದ ಗುಲಾಬಿ ಇದು. 1977ರಲ್ಲಿ ಮಾರುಕಟ್ಟೆಗೆ ಬಂತು, 1985ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟ ಇದನ್ನು ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿತು. ಪರಿಮಳಕ್ಕೇ ಮೀಸಲಾದ ಗ್ಯಾಂಬಲ್ ಪ್ರಶಸ್ತಿಯೂ ಇದಕ್ಕೆ ಸಂದಿದೆ. ಪರಿಮಳದ ವಿಷಯದಲ್ಲಿ ಹೊಗಳಿಕೆ ಸುಳ್ಳಲ್ಲ. ಮಸಾಲೆಯ ಘಾಟು ಬೆರೆತ ಸಿಹಿ ವಾಸನೆ, ಒಂದು ಹೂವಿದ್ದರೆ ಕೋಣೆಗೆಲ್ಲ ಸಾಕು.

ಎತ್ತರ ಮೂರರಿಂದ ನಾಲ್ಕು ಅಡಿ, ಅಗಲ ಎರಡೂವರೆ ಅಡಿ. ನೆಟ್ಟಗೆ ಏರುವುದಕ್ಕಿಂತ ಪಕ್ಕಕ್ಕೆ ಹರಡುವ ಸ್ವಭಾವ. ಮುಳ್ಳು ಧಾರಾಳ, ಮಕ್ಕಳು ಓಡಾಡುವ ಮೆಟ್ಟಿಲ ಪಕ್ಕ ಬೇಡ. ಮೊಗ್ಗು ಚೂಪಾಗಿ ಕೆನೆಬಣ್ಣದಲ್ಲಿ ಬಂದು, ಅರಳುತ್ತಾ ಅಂಚಿನಿಂದ ಕೆಂಪೇರುತ್ತದೆ. ಪೂರ್ತಿ ಅರಳಿದ ಹೂ ಐದೂವರೆ ಇಂಚು ಅಗಲ, ಎಸಳು ಮೂವತ್ತರ ಮೇಲೆ.

ಆ ಕೆಂಪಿನ ಗುಟ್ಟು ಬಿಸಿಲಿನಲ್ಲಿದೆ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಎಸಳಿಗೆ ತಾಗಿದರೆ ಮಾತ್ರ ಕೆಂಪು ಬಣ್ಣದ್ರವ್ಯ ಹುಟ್ಟುತ್ತದೆ. ಬೆಳಕು ಎಷ್ಟೇ ಇರಲಿ, ಆ ಕಿರಣವಿಲ್ಲದಿದ್ದರೆ ಹೂ ಬರೀ ಕೆನೆಯಾಗಿಯೇ ಉಳಿಯುತ್ತದೆ. ತಾರಸಿಗೆ ಪಾಲಿಕಾರ್ಬೊನೇಟ್ ಶೀಟು ಹೊದಿಸಿರುವವರು ಇದನ್ನು ತಿಳಿದಿರಬೇಕು. ಆ ಶೀಟು ಬೆಳಕನ್ನು ಬಿಡುತ್ತದೆ, ಅಲ್ಟ್ರಾವಯಲೆಟ್ ಕಿರಣವನ್ನು ಬಿಡುವುದಿಲ್ಲ. ಗಿಡ ಆರೋಗ್ಯವಾಗಿದ್ದು ಮೊಗ್ಗೂ ಬಂದು, ಹೂ ಮಾತ್ರ ಬಿಳಿಚಿಕೊಂಡಿದ್ದರೆ ನರ್ಸರಿಯವನು ಬೇರೆ ಗಿಡ ಕೊಟ್ಟ ಎಂದು ಜಗಳಕ್ಕೆ ಹೋಗುವ ಮೊದಲು ತಲೆಯ ಮೇಲಿನ ಸೂರನ್ನು ನೋಡಿ. ಕಿಟಕಿಯ ಗಾಜಿನ ಹಿಂದೆಯೂ ಇದೇ ಕತೆ. ಹಸಿರು ನೆರಳುಬಲೆಯ ಕೆಳಗೆ ಬಣ್ಣ ಬರುತ್ತದೆ, ಆದರೆ ಪೇಲವ.

ಇದು ಹೂಗಳ ರಾಶಿ ಸುರಿಯುವ ಗಿಡವಲ್ಲ. ಒಂದು ಕಡ್ಡಿಗೆ ಒಂದು ಹೂ. ನಾಲ್ಕೈದು ಗಟ್ಟಿ ಗೆಲ್ಲಿರುವ, ಎರಡು ವರ್ಷದ ಕುಂಡದ ಗಿಡ ಒಂದು ಸುತ್ತಿಗೆ ಆರೇಳು ಹೂ ಕೊಟ್ಟರೆ ಚೆನ್ನಾಗಿದೆ ಎಂದು ಅರ್ಥ. ಸುತ್ತಿನಿಂದ ಸುತ್ತಿಗೆ ಸುಮಾರು ಒಂದೂವರೆ ತಿಂಗಳು. ದೇವರಿಗೆ ದಿನಾ ಹೂ ಬೇಕು, ಮುಡಿಗೆ ಬೇಕು ಎನ್ನುವವರು ಪನ್ನೀರು ಗುಲಾಬಿಯನ್ನೋ ಬಟನ್ ಗುಲಾಬಿಯನ್ನೋ ನೆಡಲಿ. ಡಬಲ್ ಡಿಲೈಟ್ ಮುಡಿಗೆ ಭಾರವೂ ಹೌದು.

ಹೊಸೂರಿನ ಹವೆ ಇದಕ್ಕೆ ಒಟ್ಟಾರೆ ಅನುಕೂಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರವಿರುವುದರಿಂದ ಡಿಸೆಂಬರ್, ಜನವರಿಯ ರಾತ್ರಿಗಳು ತಂಪು; ಆ ಎರಡು ತಿಂಗಳಲ್ಲಿ ಹೂ ದೊಡ್ಡದು, ನಿಧಾನ ಅರಳುತ್ತದೆ, ಗಿಡದ ಮೇಲೆ ವಾರ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಅದೇ ಗಿಡದ ಹೂ ಅರ್ಧದಷ್ಟಾಗಿ, ಬೆಳಿಗ್ಗೆ ಬಿರಿದದ್ದು ಸಂಜೆಗೆ ಎಸಳು ಸಡಿಲ ಬಿಡುತ್ತದೆ. ಬೇಸಿಗೆಯ ಹೂ ನೋಡಿ ತಳಿಗೆ ಅಂಕ ಕೊಡಬೇಡಿ.

ಕೊಳ್ಳುವಾಗ ನೋಡಬೇಕಾದ್ದು ಬುಡ

ನರ್ಸರಿಗೆ ಹೋದವರ ಕಣ್ಣು ಹೂವಿನ ಮೇಲಿರುತ್ತದೆ. ಮಾರುವವರಿಗೂ ಅದೇ ಬೇಕು. ಆದರೆ ಗಿಡ ಬದುಕುವುದೋ ಇಲ್ಲವೋ ಎಂಬುದನ್ನು ಹೇಳುವುದು ಮಣ್ಣಿನ ಮೇಲಿನ ಮೂರಿಂಚು.

ಕವರಿನ ಗುಲಾಬಿ ನಿಜದಲ್ಲಿ ಎರಡು ಗಿಡ. ಬೇರು ಕಾಡುಗುಲಾಬಿಯದು, ಮೇಲಿನದು ಕಣ್ಣು (ಎಲೆಯ ಬುಡದ ಚಿಗುರುಮೊಗ್ಗು) ಕಸಿಯಿಂದ ಕೂಡಿಸಿದ ಡಬಲ್ ಡಿಲೈಟ್. ಕೂಡಿದ ಜಾಗ ಗಂಟಿನಂತೆ ಉಬ್ಬಿರುತ್ತದೆ. ಆ ಗಂಟು ಗಟ್ಟಿಯಾಗಿ, ಸುತ್ತಲೂ ಮುಚ್ಚಿಕೊಂಡಿರಬೇಕು. ಬಿರುಕು, ಕಪ್ಪು ಕಲೆ, ಒಂದು ಪಕ್ಕ ಒಣಗಿದ ತೊಗಟೆ ಇದ್ದರೆ ಎಷ್ಟು ಚೆಂದದ ಹೂವಿದ್ದರೂ ಬಿಡಿ. ಗಂಟಿನಿಂದ ಒಂದೇ ಕಡ್ಡಿ ಏರಿ ತುದಿಯಲ್ಲಿ ಒಂದು ಹೂ ಬಿಟ್ಟಿರುವ ಗಿಡಕ್ಕಿಂತ, ಹೂವಿಲ್ಲದೆ ಪೆನ್ಸಿಲ್ ದಪ್ಪದ ಎರಡು ಮೂರು ಕಡ್ಡಿ ಹೊಡೆದಿರುವ ಗಿಡ ಮೇಲು.

ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಬಹಳ ಗಿಡಗಳಲ್ಲಿ ಹಾಗೇ ಉಳಿದಿರುತ್ತದೆ. ಗಿಡ ದಪ್ಪವಾಗುತ್ತಾ ಆ ಪಟ್ಟಿ ತೊಗಟೆಯೊಳಗೆ ಹೂತು ಕುತ್ತಿಗೆ ಹಿಸುಕುತ್ತದೆ. ಚೆನ್ನಾಗಿದ್ದ ಗುಲಾಬಿ ಆರೆಂಟು ತಿಂಗಳ ಮೇಲೆ ಇದ್ದಕ್ಕಿದ್ದಂತೆ ಒಣಗಿದರೆ ಹಲವು ಬಾರಿ ಕಾರಣ ಇದೇ. ಮನೆಗೆ ತಂದ ಮೇಲೆ ಹೊಸ ಬ್ಲೇಡಿನಿಂದ, ಕಣ್ಣು ಕೂರಿಸಿದ ಬದಿಗೆ ವಿರುದ್ಧ ಬದಿಯಲ್ಲಿ ಉದ್ದಕ್ಕೆ ಸೀಳಿ ಬಿಡಿಸಿ. ಗಂಟು ಇನ್ನೂ ಎಳೆಯದಾಗಿ ಅಲ್ಲಾಡುವಂತಿದ್ದರೆ ಒಂದು ತಿಂಗಳು ಕಾಯಿರಿ.

ಹೆಸರಿನ ಗೊಂದಲ ಇನ್ನೊಂದು. ಕೆಂಪು ಬಿಳಿ ಎರಡೂ ಇರುವ ಯಾವುದಕ್ಕಾದರೂ ಡಬಲ್ ಡಿಲೈಟ್ ಎಂದು ಚೀಟಿ ಕಟ್ಟುವುದುಂಟು. ಲವ್ ಎಂಬ ತಳಿಯಲ್ಲಿ ಎಸಳಿನ ಒಳಮೈ ಕೆಂಪು, ಹಿಂಬದಿ ಬಿಳಿ. ಪರಿಮಳ ಇಲ್ಲವೆಂಬಷ್ಟು ಕಮ್ಮಿ. ಡಬಲ್ ಡಿಲೈಟ್‌ನಲ್ಲಿ ನಡುವೆ ಕೆನೆ, ಅಂಚಿಗೆ ಕೆಂಪು, ಮೂಗಿಗೆ ತಪ್ಪದ ವಾಸನೆ. ಹೂವಿರುವ ಗಿಡ ಒಂದಾದರೂ ಆ ಸಾಲಿನಲ್ಲಿದ್ದರೆ ಮೂಸಿ ನೋಡಿ ಅದರ ಪಕ್ಕದ ಗಟ್ಟಿ ಗಿಡ ಆರಿಸಿಕೊಳ್ಳಿ.

ಆನ್‌ಲೈನ್ ಬಗ್ಗೆ ಒಂದೇ ಮಾತು: ಹೊಸೂರಿನಲ್ಲಿದ್ದುಕೊಂಡು ಗುಲಾಬಿಯನ್ನು ಕೊರಿಯರ್‌ನಲ್ಲಿ ತರಿಸುವುದಕ್ಕೆ ಅರ್ಥವಿಲ್ಲ. ಗಂಟು ನೋಡಲಾಗುವುದಿಲ್ಲ, ದಾರಿಯಲ್ಲಿ ಮಣ್ಣು ಉದುರಿ ಎಳೆ ಬೇರು ಹರಿದಿರುತ್ತದೆ, ಸಾಗಣೆಯ ಖರ್ಚು ಬೇರೆ.

ಕವರಿನ ಮಣ್ಣುಂಡೆ, ಕುಂಡದ ಮಣ್ಣು

ಈ ಗಿಡದ ಬಗ್ಗೆ ಬರುವ ದೂರುಗಳಲ್ಲಿ ಅರ್ಧ ತಳಿಯದ್ದಲ್ಲ, ಕವರಿನ ಮಣ್ಣಿನದು. ನರ್ಸರಿಯವರು ಗಿಡ ಅಲುಗಾಡದಿರಲಿ, ಸಾಗಿಸಲು ಅನುಕೂಲವಾಗಲಿ ಎಂದು ಅಂಟು ಕೆಮ್ಮಣ್ಣು ತುಂಬುತ್ತಾರೆ. ಅದನ್ನು ಹಾಗೇ ಸಡಿಲವಾದ ಕುಂಡದ ಮಣ್ಣಿನ ನಡುವೆ ಇಟ್ಟರೆ, ಹಾಕಿದ ನೀರು ಸುತ್ತಲಿನ ಸಡಿಲ ಮಣ್ಣಿನಿಂದ ಇಳಿದುಹೋಗುತ್ತದೆ. ನಡುವಿನ ಉಂಡೆ ಒಂದೋ ಕಲ್ಲಾಗುತ್ತದೆ, ಒಂದೋ ಒದ್ದೆಯಾಗಿ ಕೊಳೆಯುತ್ತದೆ. ಬೇರು ಆ ಉಂಡೆ ದಾಟಿ ಹೊರಗೆ ಬರುವುದೇ ಇಲ್ಲ.

ಹಾಗೆಂದು ಉಂಡೆಯನ್ನು ಪೂರ್ತಿ ತೊಳೆದು ಬೇರು ಬೋಳು ಮಾಡಿದರೆ ನಮ್ಮ ಬಿಸಿಲಿಗೆ ಗಿಡ ತಾಳುವುದಿಲ್ಲ. ನಡುದಾರಿ ಹೀಗೆ: ತಂದ ಗಿಡವನ್ನು ಕವರಿನಲ್ಲೇ ವಾರ ಹತ್ತು ದಿನ ಬೆಳಗಿನ ಬಿಸಿಲು ಬೀಳುವಲ್ಲಿ ಇಡಿ. ನೆಡುವ ದಿನ ಕವರನ್ನು ಬಕೆಟ್ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ಮುಳುಗಿಸಿ. ಕವರ್ ಸೀಳಿ, ಮೆತ್ತಗಾದ ಉಂಡೆಯ ಹೊರಮೈಯ ಒಂದಿಂಚು ಮಣ್ಣನ್ನು ಬೆರಳಿನಿಂದ ಉದುರಿಸಿ, ಪಕ್ಕದಲ್ಲಿ ಮೂರು ನಾಲ್ಕು ಕಡೆ ಮೇಲಿಂದ ಕೆಳಗೆ ಗೀರು ಹಾಕಿ. ತಳದಲ್ಲಿ ಸುತ್ತಿಕೊಂಡ ಬೇರನ್ನು ಬಿಡಿಸಿ ಅಥವಾ ಕತ್ತರಿಸಿ. ನೆಟ್ಟ ಮೇಲೆ ಕಸಿ ಗಂಟು ಮಣ್ಣಿನಿಂದ ಎರಡಿಂಚು ಮೇಲಿರಬೇಕು. ಹೂತರೆ ಗಂಟು ಕೊಳೆಯುತ್ತದೆ, ಕಾಡುಬೇರಿನ ಚಿಗುರು ಎಲ್ಲಿಂದ ಬಂತೆಂದು ತಿಳಿಯುವುದೂ ಇಲ್ಲ.

ಕುಂಡ ಮೊದಲ ವರ್ಷಕ್ಕೆ 12 ಇಂಚಿನದು ನಡೆಯುತ್ತದೆ, ಆಮೇಲೆ 14 ಅಥವಾ 16. ತಳದಲ್ಲಿ ಬೆರಳು ತೂರುವಷ್ಟು ದೊಡ್ಡ ತೂತು ಕನಿಷ್ಠ ನಾಲ್ಕು. ಕಪ್ಪು ಪ್ಲಾಸ್ಟಿಕ್ ಕುಂಡ ತಾರಸಿಯ ಮಧ್ಯಾಹ್ನದಲ್ಲಿ ಬೇರನ್ನು ಬೇಯಿಸುತ್ತದೆ. ಮಣ್ಣಿನ ಕುಂಡವಾಗಲಿ, ದಪ್ಪ ಬಿಳಿ ಗ್ರೋಬ್ಯಾಗ್ ಆಗಲಿ ಆದೀತು. ಕಪ್ಪೇ ಇದ್ದರೆ ಹೊರಗೆ ಗೋಣಿ ಸುತ್ತಿ, ಇಟ್ಟಿಗೆಯ ಮೇಲೆ ಎತ್ತಿ ಇಡಿ. ನೀರುಂಡ 14 ಇಂಚಿನ ಕುಂಡ ಇಪ್ಪತ್ತೈದು ಕಿಲೋ ಮೀರುವುದರಿಂದ ಎಲ್ಲಿಡಬೇಕೆಂದು ಮೊದಲೇ ತೀರ್ಮಾನಿಸಿದರೆ ಸೊಂಟಕ್ಕೆ ಒಳ್ಳೆಯದು.

ಮಿಶ್ರಣಕ್ಕೆ ಕೆಮ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ (ಕೊಕೊಪಿಟ್) ಒಂದು ಪಾಲು, ದಪ್ಪ ಮರಳು ಅರ್ಧ ಪಾಲು. ಒಂದು ಕುಂಡಕ್ಕೆ ಬೇವಿನ ಹಿಂಡಿ ಎರಡು ಹಿಡಿ, ಮೂಳೆಪುಡಿ ಒಂದು ಹಿಡಿ. ಕೊಕೊಪಿಟ್ ಇಟ್ಟಿಗೆ ತಂದರೆ ನೆನೆಸಿದ ನೀರನ್ನು ಎರಡು ಬಾರಿ ಬಸಿದು ಚೆಲ್ಲಿ. ಅದರಲ್ಲಿ ಉಪ್ಪಿನಂಶ ಇರುತ್ತದೆ, ಗುಲಾಬಿಗೆ ಅದು ಸೇರದು. ಹಸಿ ಸೆಗಣಿ ಯಾವ ಕಾರಣಕ್ಕೂ ಬೇಡ.

ನೆಲದಲ್ಲಿ ನೆಡುವವರಿಗೆ ಹೊಸ ಬಡಾವಣೆಗಳಲ್ಲಿ ಬೇರೆ ತೊಂದರೆಯಿದೆ. ಕಾಂಪೌಂಡ್ ಗೋಡೆಯ ಬುಡದಲ್ಲಿ ಹೂತಿರುವುದು ಮಣ್ಣಲ್ಲ, ಸಿಮೆಂಟು, ಜಲ್ಲಿ, ಗಾರೆಯ ಚೂರು. ಅದರ ಸುಣ್ಣ ಮಣ್ಣನ್ನು ಕ್ಷಾರ ಮಾಡುತ್ತದೆ. ಗುಲಾಬಿಗೆ ಬೇಕಾದ್ದು ತುಸು ಹುಳಿ ಮಣ್ಣು, ಪಿಎಚ್ 6ರಿಂದ 6.5. ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಒಂದೂವರೆ ಅಡಿ ಉದ್ದ ಅಗಲ ಆಳದ ಗುಂಡಿ ತೋಡಿ, ಬಂದದ್ದನ್ನೆಲ್ಲ ಹೊರಗೆ ಸಾಗಿಸಿ ಮೇಲಿನ ಮಿಶ್ರಣ ತುಂಬುವುದೊಂದೇ ದಾರಿ.

ಬೋರ್ ನೀರು, ಹಳದಿ ಎಲೆ

ಊರಿನ ಬಹಳ ಮನೆಗಳಲ್ಲಿ ಗಿಡಕ್ಕೆ ಹೋಗುವುದು ಬೋರ್‌ವೆಲ್ ನೀರು, ಗಡಸು ನೀರು. ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವ ಅದೇ ನೀರು ಕುಂಡದ ಮಣ್ಣಿನ ಪಿಎಚ್ಚನ್ನು ತಿಂಗಳು ತಿಂಗಳಿಗೆ ಏರಿಸುತ್ತದೆ. ಪಿಎಚ್ ಏರಿದಾಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಆಗ ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಇದನ್ನು ನೋಡಿ ಗೊಬ್ಬರ ಸಾಲದೆಂದು ಯೂರಿಯಾ ಸುರಿಯುವವರಿದ್ದಾರೆ. ಗಿಡ ಇನ್ನಷ್ಟು ಹದಗೆಡುತ್ತದೆ. ಸಾರಜನಕ ಕೊರತೆಯಾದರೆ ಹಳದಿಯಾಗುವುದು ಕೆಳಗಿನ ಹಳೆ ಎಲೆ. ಎಲೆ ಯಾವುದು ಎಂಬುದೇ ಇಲ್ಲಿ ಗುರುತು.

ತುರ್ತಿಗೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ (ನಿಂಬೆ ಉಪ್ಪು) ಕರಗಿಸಿ ಬೆಳಿಗ್ಗೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ನೆಲದ ಟೈಲ್ಸ್‌ಗೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಕುಂಡವನ್ನು ಸರಿಸಿಕೊಂಡು ಹೊಡೆಯಿರಿ. ಮಣ್ಣಿಗೆ ಕೊಡುವುದಾದರೆ ಇಡಿಡಿಎಚ್‌ಎ ರೂಪದ (ಕ್ಷಾರ ಮಣ್ಣಿನಲ್ಲೂ ಬೇರಿಗೆ ಸಿಗುವಂತೆ ಹಿಡಿದಿಟ್ಟ) ಕಬ್ಬಿಣ ಒಂದೆರಡು ಗ್ರಾಂ ಸಾಕು. ಅಗ್ಗದ ಇಡಿಟಿಎ ರೂಪ ಕ್ಷಾರ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಶಾಶ್ವತ ಪರಿಹಾರ ಮಳೆನೀರು. ಹೊಸೂರಿಗೆ ಮುಂಗಾರು, ಹಿಂಗಾರು ಎರಡರ ಮಳೆಯೂ ಇದೆ. ತಾರಸಿಯ ಪೈಪಿಗೆ ಒಂದು ಡ್ರಮ್ ಇಟ್ಟರೆ ಎರಡು ಮೂರು ಕುಂಡಕ್ಕೆ ಬಹಳ ದಿನ ಬರುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಂಡಾಗ ಹತ್ತು ಲೀಟರ್ ಮಳೆನೀರನ್ನು ನಿಧಾನವಾಗಿ ಹಾಯಿಸಿ ತೊಳೆಯಿರಿ.

ಬೇಸಿಗೆಯಲ್ಲಿ 12 ಇಂಚಿನ ಕುಂಡ ದಿನಕ್ಕೆ ಒಂದೂವರೆ ಲೀಟರ್ ಕೇಳುತ್ತದೆ, ಚಳಿಯಲ್ಲಿ ಎರಡು ಮೂರು ದಿನಕ್ಕೊಮ್ಮೆ. ಬೆರಳನ್ನು ಒಂದಿಂಚು ತೂರಿಸಿ ನೋಡಿ ಹಾಕಿ. ನೀರು ಬುಡಕ್ಕೆ, ಬೆಳಿಗ್ಗೆ.

ಗೊಬ್ಬರದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಹದಿನೈದು ದಿನಕ್ಕೊಮ್ಮೆ ಲೀಟರಿಗೆ 2 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ), ಮೊಗ್ಗು ಕಡಲೆ ಗಾತ್ರವಾದಾಗ ಅದರ ಬದಲು ಪೊಟ್ಯಾಷ್ ಮಾತ್ರ ಇರುವ 0:0:50 ಅಷ್ಟೇ ಪ್ರಮಾಣ. ಸಾವಯವವೇ ಬೇಕೆಂದರೆ ನೂರು ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಹತ್ತುಪಟ್ಟು ನೀರು ಬೆರೆಸಿ ಕೊಡಿ. ವಾಸನೆಗೆ ಪಕ್ಕದ ಮನೆಯವರು ಏನೆನ್ನುತ್ತಾರೋ ಅದು ಬೇರೆ. ಒಣ ಮಣ್ಣಿಗೆ ಯಾವ ಗೊಬ್ಬರವನ್ನೂ ಕೊಡಬಾರದು, ಬೇರು ಸುಡುತ್ತದೆ. ನೆಟ್ಟ ಮೊದಲ ತಿಂಗಳು ಏನೂ ಬೇಡ.

ತಳಿಯ ಕೊರತೆ: ಬೂದಿ, ಕಪ್ಪು ಚುಕ್ಕೆ

ಅಂಕ ಕಳೆಯಬೇಕಾದ್ದು ಇಲ್ಲಿ. ಡಬಲ್ ಡಿಲೈಟ್ ರೋಗನಿರೋಧಕ ಗಿಡವಲ್ಲ, ಬೂದಿ ರೋಗಕ್ಕಂತೂ ಹೇಳಿ ಕರೆಸಿದಂತೆ. ಹೊಸೂರಿನಲ್ಲಿ ಅದರ ಕಾಲ ನವೆಂಬರ್ ಕೊನೆಯಿಂದ ಫೆಬ್ರವರಿ. ಹಗಲು ಒಣ, ರಾತ್ರಿ ತಂಪು ಮತ್ತು ತೇವ. ಅಂದರೆ ಹೂ ಅತಿ ಚೆಂದ ಬರುವ ತಿಂಗಳುಗಳೇ. ಎಳೆ ಎಲೆ ಸುರುಟಿ, ಮೊಗ್ಗಿನ ಕುತ್ತಿಗೆಯ ಮೇಲೆ ಹಿಟ್ಟು ಉದುರಿಸಿದ ಹಾಗೆ ಕಾಣುತ್ತದೆ. ಇದಕ್ಕೆ ಎಲೆ ಒದ್ದೆಯಾಗಬೇಕೆಂದಿಲ್ಲ, ಗಾಳಿಯಾಡದಿದ್ದರೆ ಸಾಕು. ಎರಡು ಗೋಡೆ ಸೇರುವ ಮೂಲೆಯಲ್ಲಿಟ್ಟ ಕುಂಡ ಮೊದಲು ಬೀಳುತ್ತದೆ. ನೀರಿನಲ್ಲಿ ಕರಗುವ ಗಂಧಕದ ಪುಡಿ ಲೀಟರಿಗೆ 2 ಗ್ರಾಂ, ರೋಗ ಕಾಣುವ ಮೊದಲೇ ಹತ್ತು ಹನ್ನೆರಡು ದಿನಕ್ಕೊಮ್ಮೆ ಎಲೆಯ ಎರಡೂ ಮೈಗೆ. ಬಿಸಿಲು 32 ಡಿಗ್ರಿ ದಾಟುವ ದಿನ ಗಂಧಕ ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೂ ಗಂಧಕ ಬೇಡ. ರೋಗ ಹಿಡಿದ ಮೇಲೆ ಹೆಕ್ಸಾಕೊನಜೋಲ್ 5% ಲೀಟರಿಗೆ 1 ಮಿಲಿ.

ಕಪ್ಪು ಚುಕ್ಕೆಯ ಕಾಲ ಸೆಪ್ಟೆಂಬರ್‌ನಿಂದ ನವೆಂಬರ್. ಇದರ ಶಿಲೀಂಧ್ರ ಮೊಳೆಯಲು ಎಲೆ ಏಳೆಂಟು ಗಂಟೆ ಒದ್ದೆಯಾಗಿರಬೇಕು; ಸಂಜೆ ಪೈಪ್ ಹಿಡಿದು ಗಿಡಕ್ಕೆ ಸ್ನಾನ ಮಾಡಿಸುವವರು ಆ ಏಳೆಂಟು ಗಂಟೆಯನ್ನು ಕೈಯಾರೆ ಒದಗಿಸುತ್ತಾರೆ. ಅಂಚು ಕಿತ್ತಂತಿರುವ ಕಪ್ಪು ಮಚ್ಚೆ, ಸುತ್ತ ಹಳದಿ, ಆಮೇಲೆ ಎಲೆ ಉದುರು. ಉದುರಿದ ಎಲೆಯನ್ನು ಕುಂಡದಲ್ಲೇ ಬಿಡದೆ ಹೆಕ್ಕಿ ಎಸೆಯಿರಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ಮ್ಯಾಂಕೊಜೆಬ್ ಲೀಟರಿಗೆ 2 ಗ್ರಾಂ, ಮಳೆ ಬಿಡುವು ಕೊಟ್ಟಾಗ. ನೆಲದಿಂದ ಅರ್ಧ ಅಡಿಯವರೆಗಿನ ಎಲೆಗಳನ್ನು ಮಳೆಗಾಲಕ್ಕೆ ಮುಂಚೆ ತೆಗೆದುಬಿಟ್ಟರೆ ಮಣ್ಣಿನಿಂದ ಸಿಡಿಯುವ ಸೋಂಕು ತಗ್ಗುತ್ತದೆ.

ಫೆಬ್ರವರಿ ಕಳೆದರೆ ಥ್ರಿಪ್ಸ್. ಕೆನೆ ಎಸಳಿನ ಹೂವಾದ್ದರಿಂದ ಈ ಸಣ್ಣ ಕೀಟದ ಕೆರೆತ ಎದ್ದು ಕಾಣುತ್ತದೆ: ಅಂಚು ಕಂದಿ, ಮೊಗ್ಗು ಅರ್ಧ ಅರಳಿ ನಿಲ್ಲುತ್ತದೆ. ಎಸಳಿನ ಸಂದಿಯಲ್ಲಿ ಅಡಗುವುದರಿಂದ ಹೂವಾದ ಮೇಲೆ ಔಷಧಿ ವ್ಯರ್ಥ. ಮೊಗ್ಗು ಬಟಾಣಿಯಷ್ಟಿರುವಾಗ ಸ್ಪಿನೊಸ್ಯಾಡ್ 45% ಲೀಟರಿಗೆ 0.3 ಮಿಲಿ, ಜೇನು ಗೂಡು ಸೇರಿದ ಮೇಲೆ, ಸಂಜೆ. (ಸಂಜೆ ಸಿಂಪಡಿಸಿದರೂ ಬೇಸಿಗೆಯ ಒಣ ಗಾಳಿಗೆ ಎಲೆ ಬೇಗ ಆರುವುದರಿಂದ ಆಗ ಕಪ್ಪು ಚುಕ್ಕೆಯ ಭಯವಿಲ್ಲ.) ಹಾಳಾದ ಮೊಗ್ಗನ್ನು ಕಿತ್ತು ಕವರಿಗೆ ಹಾಕಿ ಕಟ್ಟಿ ಎಸೆಯಿರಿ. ಎಲೆಯ ಹಿಂದೆ ಸಣ್ಣ ಬಲೆ, ಮುಂದೆ ಮರಳುಮರಳಾದ ಬಿಳಿ ಚುಕ್ಕಿ ಕಂಡರೆ ಅದು ಕೆಂಪು ನುಸಿ; ಬೆಳಿಗ್ಗೆ ಎಲೆಯ ಹಿಂಬದಿಗೆ ನೀರನ್ನು ರಭಸದಿಂದ ಹೊಡೆಯುವುದು ಮೊದಲ ಮದ್ದು, ಸಾಲದಿದ್ದರೆ ಅಬಾಮೆಕ್ಟಿನ್ ಲೀಟರಿಗೆ 0.5 ಮಿಲಿ. ಯಾವ ಔಷಧಿಯಾದರೂ ಕೈಗವಸು, ಮುಖಕ್ಕೆ ಬಟ್ಟೆ. ಹೊಡೆದ ಗಿಡದ ಎಸಳನ್ನು ಗುಲ್ಕಂದಿಗೆ ಬಳಸುವ ಯೋಚನೆ ಬಿಡಿ.

ಸವರುವುದು

ಗಿಡ್ಡ ಗಿಡವೆಂದು ಕತ್ತರಿ ಹಾಕದೆ ಬಿಟ್ಟರೆ ಇದೂ ಕಡ್ಡಿಕಡ್ಡಿಯಾಗುತ್ತದೆ. ದೊಡ್ಡ ಸವರುವಿಕೆ ವರ್ಷಕ್ಕೊಮ್ಮೆ, ಹಿಂಗಾರು ಮಳೆ ತಗ್ಗಿದ ಮೇಲೆ, ಅಂದರೆ ನವೆಂಬರ್ ಮೂರನೇ ವಾರದ ಆಸುಪಾಸು. ಕತ್ತರಿಸಿದ ದಿನದಿಂದ ಹೂವಿಗೆ 45ರಿಂದ 50 ದಿನ, ಚಳಿ ಜೋರಿದ್ದರೆ ಇನ್ನೊಂದು ವಾರ. ಈ ಲೆಕ್ಕಕ್ಕೆ ಸಂಕ್ರಾಂತಿಗೆ ಮೊದಲ ಹೂ ಸಿಗುತ್ತದೆ. ಬಾಗಲೂರಿನ ಬೆಳೆಗಾರರು ಫೆಬ್ರವರಿ 14ರಿಂದ ಹಿಂದಕ್ಕೆ ಎಣಿಸಿ ಕತ್ತರಿ ಹಿಡಿಯುವುದೂ ಇದೇ ಲೆಕ್ಕದ ಮೇಲೆ.

ಒಣಗಿದ್ದು, ಪೆನ್ಸಿಲಿಗಿಂತ ಸಣ್ಣದು, ಒಳಮುಖವಾಗಿ ಒಂದಕ್ಕೊಂದು ಉಜ್ಜುವುದು, ಇಷ್ಟನ್ನು ಬುಡದಲ್ಲೇ ತೆಗೆಯಿರಿ. ಉಳಿದ ನಾಲ್ಕೈದು ಕಡ್ಡಿಗಳನ್ನು ಹದಿನೈದು ಇಂಚಿಗೆ ಇಳಿಸಿ. ಹೊರಮುಖದ ಕಣ್ಣಿನ ಕಾಲಿಂಚು ಮೇಲೆ, ಓರೆಯಾಗಿ, ಇಳಿಜಾರು ಕಣ್ಣಿನ ವಿರುದ್ಧ ದಿಕ್ಕಿಗೆ. ಹರಡುವ ಸ್ವಭಾವದ ಗಿಡವಾದ್ದರಿಂದ ಇಕ್ಕಟ್ಟಿನ ಜಾಗದಲ್ಲಿ ಒಂದೆರಡು ಕಡ್ಡಿಯನ್ನು ಒಳಮುಖದ ಕಣ್ಣಿಗೆ ಕತ್ತರಿಸಿ ನೆಟ್ಟಗೆ ಏರಿಸಬಹುದು. ದಾರಿಗೆ ಅಡ್ಡ ಬರುವ ಮುಳ್ಳು ಅಷ್ಟು ಕಡಿಮೆಯಾಯಿತು. ಗಾಯಕ್ಕೆ ತಾಮ್ರದ ಆಕ್ಸಿಕ್ಲೋರೈಡನ್ನು ನೀರಿನಲ್ಲಿ ಕಲಸಿ ಬಳಿಯಿರಿ. ಹಾಗೇ ಬಿಟ್ಟರೆ ತುದಿಯಿಂದ ಕಪ್ಪಾಗಿ ಇಳಿಯುವ ಒಣಗು ರೋಗ ಗಂಟಿನವರೆಗೆ ಬಂದು ಗಿಡವನ್ನೇ ಮುಗಿಸುತ್ತದೆ. ಇಳಿಯುವುದು ಕಂಡರೆ ಹಸಿರು ತಿರುಳು ಕಾಣುವಲ್ಲಿಗೆ ಕತ್ತರಿಸಿ, ಪ್ರತಿ ಕತ್ತರಿಕೆಯ ನಡುವೆ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ.

ಬಾಡಿದ ಹೂ ತೆಗೆಯುವಾಗ ಐದೆಲೆಯ ಗೊಂಚಲಿನ ಮೇಲೆ ಕತ್ತರಿಸಿ. ಮೊದಲ ವರ್ಷ ಹೂವನ್ನು ಉದ್ದ ಕಡ್ಡಿಯೊಂದಿಗೆ ಕೊಯ್ಯಬೇಡಿ, ಎಲೆ ಹೋದಷ್ಟೂ ಮುಂದಿನ ಹೂ ಸಣ್ಣದಾಗುತ್ತದೆ.

ಗಂಟಿನ ಕೆಳಗಿನಿಂದ ತಿಳಿಹಸಿರು ಕಡ್ಡಿಯೊಂದು ಭರ್ರನೆ ಏರಿದರೆ ಸಂತೋಷಪಡಬೇಡಿ, ಅದು ಬೇರುಗಿಡದ ಚಿಗುರು. ಏಳೆಲೆ ಇದ್ದರೆ ಕಾಡು, ಐದಿದ್ದರೆ ಜಾತಿ ಎಂಬ ಮಾತನ್ನು ಪೂರ್ತಿ ನಂಬಲಾಗದು, ಹೈಬ್ರಿಡ್ ಟೀಯಲ್ಲೂ ಏಳೆಲೆ ಬರುತ್ತದೆ. ಹುಟ್ಟಿದ ಜಾಗವನ್ನೇ ನೋಡಿ. ಮಣ್ಣು ಕೆದಕಿ, ಬುಡದಿಂದ ಕೆಳಕ್ಕೆ ಎಳೆದು ಸಿಗಿಯಿರಿ. ಕತ್ತರಿಸಿದರೆ ಒಂದರ ಜಾಗದಲ್ಲಿ ಮೂರು ಬರುತ್ತವೆ. ಬಿಟ್ಟರೆ ಒಂದು ವರ್ಷದಲ್ಲಿ ಡಬಲ್ ಡಿಲೈಟ್ ಸೊರಗಿ ಕಾಡುಗುಲಾಬಿ ಮಾತ್ರ ಉಳಿಯುತ್ತದೆ.

ಬೇರೆ ಊರಿನವರಿಗೆ, ಬೇರೆ ಜಾಗದವರಿಗೆ

ಈ ತೀರ್ಪು ಹೊಸೂರಿನದು. ಕಾಸರಗೋಡಿನ ಮಳೆಗೆ ಇದನ್ನು ಬಯಲಲ್ಲಿಟ್ಟರೆ ಜುಲೈ ಕಳೆಯುವಷ್ಟರಲ್ಲಿ ಎಲೆಯೇ ಇರುವುದಿಲ್ಲ, ಸೂರಿನಡಿ ಇಟ್ಟರೆ ಬಣ್ಣ ಬರುವುದಿಲ್ಲ. ಅಲ್ಲಿನವರು ನವೆಂಬರ್‌ನಿಂದ ಮಾರ್ಚ್‌ವರೆಗಿನ ಹೂವಿಗಷ್ಟೇ ತೃಪ್ತಿಪಡುವುದಾದರೆ ತರಬಹುದು. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಚಳಿಗಾಲದ ಹೂ ಚೆನ್ನ, ಬೇಸಿಗೆಯಲ್ಲಿ ಮಧ್ಯಾಹ್ನದ ನೆರಳು ಕಡ್ಡಾಯ, ಅಲ್ಲಿನ ಕಪ್ಪು ಎರೆಮಣ್ಣನ್ನು ಕುಂಡಕ್ಕೆ ಹಾಕಲೇಬಾರದು.

ಹೊಸೂರಿನಲ್ಲೇ ಇದ್ದು, ಪಕ್ಕದ ಮೂರಂತಸ್ತಿನ ಕಟ್ಟಡದಿಂದಾಗಿ ನಾಲ್ಕೇ ಗಂಟೆ ಬಿಸಿಲು ಸಿಗುವವರು ಹೈಬ್ರಿಡ್ ಟೀ ಆಸೆ ಬಿಟ್ಟು ಐಸ್‌ಬರ್ಗ್ ನೋಡಲಿ. ಜರ್ಮನಿಯ ಕೋರ್ಡೆಸ್ 1958ರಲ್ಲಿ ತಂದ ಫ್ಲೋರಿಬಂಡಾ ಅದು. ಗೊಂಚಲು ಗೊಂಚಲಾಗಿ ಬಿಳಿ ಹೂ, ಮುಳ್ಳು ಕಮ್ಮಿ, ಪರಿಮಳವೂ ಕಮ್ಮಿ. ಪರಿಮಳವೇ ಮುಖ್ಯ, ಪೂರ್ತಿ ಕೆಂಪೇ ಬೇಕು ಎಂದರೆ 1964ರ ಮಿಸ್ಟರ್ ಲಿಂಕನ್ ಇದೆ, ಆದರೆ ಅದು ಐದಾರು ಅಡಿ ಏರುತ್ತದೆ. ಕುಂಡದಲ್ಲಿ ಬೇಡ, ಒಂದೂವರೆ ಅಡಿಯ ಗುಂಡಿ ತೋಡಲು ನೆಲ ಇದ್ದವರಿಗೆ ಮಾತ್ರ.